ದೆವ್ವದಜ್ಜಿ ಮತ್ತು ಬರೀ ಅಜ್ಜಿ

ಸರ್ಕಾರದವರು ದೆವ್ವಗಳಿಗೂ ರೇಷನ್ ಕಾರ್ಡ್ ಕೊಡುವ ಯೋಜನೆ ತಂದರೆ, ಇಟ್ಟಮಡುವಿನ ಪಟ್ಟಿಗಾಗಿ ಯಾರೂ ಬೀದಿ ಬೀದಿ ಅಲೆಯಬೇಕಾಗಿಲ್ಲ. ನಮ್ಮ ಮನೆಯ ಗೇಟು ತೆಗೆದು, ಕೆಳಗಿನ ಮನೆಯಲ್ಲಿರುವ ನನ್ನ ಅತ್ತಿಗೆಯನ್ನು ಕೇಳಿದರೆ ಸಾಕು. ಹೆಸರು, ವಯಸ್ಸು, ಸತ್ತ ಕಾರಣ, ಈಗ ಎಲ್ಲಿ ವಾಸ, ಕಾಫಿಗೆ ಸಕ್ಕರೆ ಎಷ್ಟು ಎನ್ನುವವರೆಗೆ ಎಲ್ಲವನ್ನೂ ಕೂತಲ್ಲೇ ಬರೆಸುತ್ತಾರೆ.

ಅತ್ತಿಗೆ ಅಂದರೆ ನನ್ನ ಗಂಡನ ಅಕ್ಕ. ಸರ್ಕಾರಿ ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದು ರಿಟೈರ್ ಆದವರು. ಮದುವೆಯಾಗಲಿಲ್ಲ. ಯಾಕೆ ಆಗಲಿಲ್ಲ ಎಂದು ಕೇಳಿದರೆ ನಮ್ಮವರು ಹೇಳುತ್ತಿದ್ದದ್ದು ಇಷ್ಟು: ಹೆಣ್ಣು ನೋಡಲು ಬಂದವನಿಗೆ ಉಪ್ಪಿಟ್ಟು ಕೊಟ್ಟು, ಜೊತೆಗೆ ಮನೆಯ ದೆವ್ವಗಳನ್ನೂ ಒಂದೊಂದಾಗಿ ಪರಿಚಯ ಮಾಡಿಕೊಟ್ಟರಂತೆ. ಗಂಡು ಉಪ್ಪಿಟ್ಟು ಅರ್ಧಕ್ಕೇ ಬಿಟ್ಟು ಎದ್ದನಂತೆ. ಉಳಿದ ಅರ್ಧವನ್ನು ಯಾರು ತಿಂದರು ಎಂಬುದು ಅತ್ತಿಗೆಯ ಮೊದಲನೆಯ ಕಥೆ.

ಇದನ್ನು ಅವರು ಓದುವುದಿಲ್ಲ ಎನ್ನುವ ಧೈರ್ಯದಿಂದಲೇ ಬರೆಯುತ್ತಿದ್ದೇನೆ. ಬೇರೆಯವರು ಬರೆದದ್ದರಲ್ಲಿ ದೆವ್ವ ಇದೆ ಎಂದು ಗೊತ್ತಾದರೆ ಅವರು ಆ ಹಾಳೆಯನ್ನೇ ಮುಟ್ಟುವುದಿಲ್ಲ. "ಭಯ ಆಗುತ್ತೆ ಕಣೆ" ಎನ್ನುತ್ತಾರೆ. ಮತ್ತೆ ನಿಮ್ಮದು? "ನಂದು ನಮ್ಮನೆಯೋರಲ್ವಾ, ಅವ್ರಿಗೇನು ಹೆದರೋದು."

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ನನಗೆ ಅವರ ಮೇಲೆ ಹೊಟ್ಟೆಕಿಚ್ಚು. ನಾನು ಓದಿದ್ದು ಎಸ್ಸೆಸ್ಸೆಲ್ಸಿ, ಮಾತು ಕಡಿಮೆ, ವಸಂತಪುರದಿಂದ ಮದುವೆಯಾಗಿ ಬಂದಾಗಿನಿಂದ ಈ ಮನೆಯಲ್ಲಿ ಅಡುಗೆ ಮಾಡಿಕೊಂಡು ಇದ್ದೇನೆ. ಯಾರ ಮೇಲೂ ಕೆಟ್ಟ ಮನಸ್ಸಿಲ್ಲ. ಅತ್ತಿಗೆಯ ವಿಷಯ ಬಂದಾಗ ಮಾತ್ರ ಹೊಟ್ಟೆಯಲ್ಲಿ ಏನೋ ಒಂದು ಒಲೆ ತಾನೇ ಹೊತ್ತಿಕೊಳ್ಳುತ್ತದೆ.

ಲೋಕದ ದೆವ್ವಗಳೆಲ್ಲ ಕತ್ತಲಾಗಲಿ ಎಂದು ಕಾಯುತ್ತವೆ. ಅತ್ತಿಗೆಯ ದೆವ್ವಗಳು ಬೆಳಗ್ಗೆ ಹನ್ನೊಂದು ಗಂಟೆಗೆ ಬರುತ್ತವೆ. ತಿಂಡಿ ಮುಗಿದಿರಬೇಕು, ಪಾತ್ರೆ ತೊಳೆದಿರಬೇಕು, ಕುಕ್ಕರ್‌ನಲ್ಲಿ ಬೇಳೆ ಇಟ್ಟಿರಬೇಕು; ಮೂರನೇ ವಿಷಲ್ ಕೂಗುವುದರೊಳಗೆ ದೆವ್ವ ಬಂದು, ಹೆದರಿಸಿ, ಹೋಗಿಯೂ ಆಗಿರಬೇಕು. ಯಾಕೆಂದರೆ ಕತ್ತಲಾದ ಮೇಲೆ ಅತ್ತಿಗೆಗೇ ಭಯ. ಸಂಜೆ ಏಳರ ನಂತರ ಯಾರಾದರೂ "ದೆ" ಎಂದು ಬಾಯಿ ತೆರೆದರೂ ಕಿವಿ ಮುಚ್ಚಿಕೊಳ್ಳುತ್ತಾರೆ. ಟಿ.ವಿ.ಯಲ್ಲಿ ವಾರ್ತೆ ಓದುವವನು "ದೆಹಲಿ" ಎಂದದ್ದಕ್ಕೆ ಚಾನಲ್ ಬದಲಾಯಿಸಿದರು ಎಂದು ನಮ್ಮವರು ಊರೆಲ್ಲ ಹೇಳಿಕೊಂಡು ಬಂದಿದ್ದರು.

ಭಾನುವಾರ ಹನ್ನೊಂದಕ್ಕೆ ಗೇಟಿನ ಒಳಗೆ, ಸ್ಕೂಟರ್ ನಿಲ್ಲಿಸುವ ಜಾಗದಲ್ಲಿ ಚಾಪೆ ಬೀಳುತ್ತದೆ. ಜೆ.ಪಿ. ನಗರದಲ್ಲಿರುವ ನನ್ನ ಮಗಳು ತನ್ನ ಮಗಳನ್ನು ತಂದು ಬಿಟ್ಟು ಹೋಗುತ್ತಾಳೆ. ನನ್ನ ಮೊಮ್ಮಗಳು ಧನ್ಯ, ಎಂಟು ವರ್ಷ. ಮೇಲಿನ ಬಾಡಿಗೆ ಮನೆಯ ಅವಳಿ ಮಕ್ಕಳು ಇಳಿದು ಬರುತ್ತವೆ. ಬೀದಿಯ ಮಕ್ಕಳು ಇನ್ನೊಂದು ಐದಾರು. ಧನ್ಯ ನನ್ನನ್ನು "ಅಜ್ಜಿ" ಎನ್ನುತ್ತಾಳೆ. ಅತ್ತಿಗೆಯನ್ನು "ದೆವ್ವದಜ್ಜಿ" ಎನ್ನುತ್ತಾಳೆ. ನೋಡಿ, ಬಿರುದಿನಲ್ಲೇ ಎಷ್ಟು ವ್ಯತ್ಯಾಸ. ಅವರು ದೆವ್ವದಜ್ಜಿ; ನಾನು ಬರೀ ಅಜ್ಜಿ.

"ದೆವ್ವದಜ್ಜಿ, ದೆವ್ವಕ್ಕೆ ಪಾದ ಹಿಂದ್ಗಡೆ ಇರುತ್ತಂತಲ್ಲ, ಚಪ್ಪಲಿ ಹೆಂಗ್ ಹಾಕ್ಕೊಳ್ಳುತ್ತೆ?"

"ಎಲ್ಲಾರ್ ಥರಾನೇ. ಆದ್ರೆ ಮನೆಯಿಂದ ಅಂಗ್ಡಿಗೆ ಹೋದ್ರೆ, ಹೆಜ್ಜೆ ನೋಡ್ದೋರಿಗೆ ಅಂಗ್ಡಿಯಿಂದ ಮನೆಗೆ ಬಂದಂಗೆ ಕಾಣುತ್ತೆ. ಅದಕ್ಕೇ ನೋಡು, ದೆವ್ವಗಳನ್ನ ಇದುವರ್ಗೂ ಪೊಲೀಸ್ನೋರು ಹಿಡ್ದಿಲ್ಲ."

ಅತ್ತಿಗೆಯ ಕಥೆಗಳಲ್ಲಿ ಹೊರಗಿನ ದೆವ್ವಗಳಿಗೆ ಜಾಗವಿಲ್ಲ. ಎಲ್ಲರೂ ನಮ್ಮ ಮನೆಯವರೇ. ಅವರಲ್ಲಿ ಮಕ್ಕಳಿಗೆ ಬಹಳ ಇಷ್ಟವಾದವರು ಅತ್ತಿಗೆಯ ತಾತ. ಈ ಭಾಗವೆಲ್ಲ ರಾಗಿ ಹೊಲವಾಗಿದ್ದಾಗ ಎಮ್ಮೆ ಕಟ್ಟಿಕೊಂಡಿದ್ದವರು. ಕಥೆಯಲ್ಲಿ ಆ ತಾತ ಒಂದು ದಿನ ಎದ್ದು ಎಮ್ಮೆ ಹಿಡಿದುಕೊಂಡು ತನ್ನ ಕೊಟ್ಟಿಗೆ ಹುಡುಕುತ್ತಾನೆ. ಆ ಜಾಗದಲ್ಲಿ ಅಪಾರ್ಟ್‌ಮೆಂಟು ಎದ್ದಿದೆ. ಎಮ್ಮೆಯನ್ನು ಲಿಫ್ಟಿನಲ್ಲಿ ಹತ್ತಿಸಿಕೊಂಡು ನಾಲ್ಕನೇ ಮಹಡಿಗೆ ಹೋಗಿ, ಯಾರದೋ ಅಡುಗೆಮನೆಯ ಫ್ರಿಜ್ಜಿನ ಹಿಡಿಗೆ ಕಟ್ಟಿ ಬರುತ್ತಾನೆ. ಬೆಳಗ್ಗೆ ಆ ಮನೆಯ ಹೆಂಗಸು ಫ್ರಿಜ್ಜು ತೆಗೆದರೆ ಪಾತ್ರೆಯ ತುಂಬ ನೊರೆ ಹಾಲು.

"ಅವ್ರು ಹೆದ್ರುಕೊಂಡ್ರಾ?" ಅವಳಿಗಳಲ್ಲಿ ಒಬ್ಬಳು ಕೇಳಿದಳು.

"ಎಲ್ಲಿ ಹೆದ್ರುತಾರೆ? ಹಾಲಿನ್ ಪ್ಯಾಕೆಟ್ ನಿಲ್ಸಿಬಿಟ್ರು."

ಮಕ್ಕಳು ಚಾಪೆಯ ಮೇಲೆ ಉರುಳಾಡಿ ನಕ್ಕವು. ನಾನು ಕೇಳಿರುವ ಪ್ರಕಾರ ಆ ತಾತ ಹೊಲ ಹೋದ ಮೇಲೆ ಯಾರೊಂದಿಗೂ ಮಾತನಾಡದೆ, ಗೋಡೆ ಕಡೆ ಮುಖ ಮಾಡಿಕೊಂಡು ಎರಡು ವರ್ಷ ಮಲಗಿದ್ದು ಸತ್ತವರು. ಅತ್ತಿಗೆಯ ಕಥೆಯಲ್ಲಿ ಅವರು ಲಿಫ್ಟಿನ ಬಟನ್ ಒತ್ತುತ್ತಾರೆ. ಬದುಕಿದ್ದಾಗ ಇಲ್ಲದ ಸುಖವನ್ನೆಲ್ಲ ಅತ್ತಿಗೆ ಸತ್ತವರಿಗೆ ಹಂಚುತ್ತಾರೆ. ಬದುಕಿರುವ ನನಗೆ ಒಂದು ಸಣ್ಣ ಪಾತ್ರವನ್ನೂ ಕೊಟ್ಟಿಲ್ಲ. ಕೇಳಿದ್ದಕ್ಕೆ "ನಿನಗೇನು ಅವಸರ" ಎಂದರು.

ಮೇಲಿನ ಮನೆ ಖಾಲಿಯಿದ್ದಾಗ ಅವಳಿ ಮಕ್ಕಳ ಅಪ್ಪ ಅಮ್ಮ ಮನೆ ನೋಡಲು ಬಂದಿದ್ದರು. ಆ ಹೊತ್ತಿಗೆ ಸರಿಯಾಗಿ ನಾನೂ ನಮ್ಮವರೂ ಮನೆಯಲ್ಲಿರಲಿಲ್ಲ. ಅತ್ತಿಗೆಯೇ ಬೀಗದ ಕೈ ಹಿಡಿದು ಹತ್ತಿದರಂತೆ.

"ಕೆಳಗಡೆ ಎಷ್ಟು ಜನ ಇದೀರ ಆಂಟಿ?" ಎಂದು ಆ ಹೆಂಗಸು ಕೇಳಿದಳಂತೆ.

ಅತ್ತಿಗೆ ಸುಳ್ಳು ಹೇಳುವವರಲ್ಲ. ಬೆರಳು ಮಡಿಚಿ ಎಣಿಸಿದರು. "ನಾನು, ನನ್ನ ತಮ್ಮ, ಅವನ ಹೆಂಡ್ತಿ. ಆಮೇಲೆ ನಮ್ಮಪ್ಪ, ನಮ್ಮಮ್ಮ, ನಮ್ಮ ತಾತ. ಅವ್ರು ಮೂರು ಜನ ತೀರ್ಕೊಂಡಿದಾರೆ. ಆದ್ರೆ ಇದಾರೆ. ಏನೂ ತೊಂದ್ರೆ ಕೊಡಲ್ಲ, ನೀರೂ ಖರ್ಚು ಮಾಡಲ್ಲ."

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಂಡತಿ ಮೆಲ್ಲಗೆ ಕೇಳಿದಳು. "ಅವ್ರು ವೆಜ್ಜಾ ನಾನ್‌ವೆಜ್ಜಾ ಆಂಟಿ?"

"ಹಬ್ಬಕ್ಕೆ ಮಾತ್ರ ನಾನ್‌ವೆಜ್ಜು."

ಮಾರನೆಯ ದಿನವೇ ಬಂದು ಸೇರಿಕೊಂಡರು. ಈ ಊರಿನಲ್ಲಿ ನೀರು ಖರ್ಚು ಮಾಡದ ನೆರೆಯವರು ಸಿಗುವುದು ಅಷ್ಟು ಸುಲಭವೇ?

ನನ್ನ ಹೊಟ್ಟೆಯ ಒಲೆ ಮೊದಲ ಸಲ ಜೋರಾಗಿ ಉರಿದದ್ದು ಧನ್ಯಳ ಶಾಲೆಯಲ್ಲಿ ಅಜ್ಜಿ ತಾತಂದಿರ ದಿನ ಮಾಡಿದಾಗ. ಒಂದು ಮಗುವಿನ ಜೊತೆ ಒಬ್ಬರು ಬರಬಹುದು, ವೇದಿಕೆಯ ಮೇಲೆ ತಮಗೆ ಬರುವ ಏನನ್ನಾದರೂ ಮಾಡಿ ತೋರಿಸಬೇಕು ಎಂದು ಚೀಟಿ ಕಳಿಸಿದ್ದರು. ನಾನು ಹೊಸ ಸೀರೆಗೆ ಫಾಲ್ಸ್ ಹೊಲಿಸಿ ಇಟ್ಟುಕೊಂಡೆ. ಧನ್ಯ ಬಂದು ನನ್ನ ಮುಂದೆ ಕೈಕಟ್ಟಿ ನಿಂತಳು.

"ಅಜ್ಜಿ, ಬೇಜಾರ್ ಮಾಡ್ಕೋಬೇಡಿ. ನಿಮಗೆ ಏನ್ ಬರುತ್ತೆ?"

"ಚಕ್ಕುಲಿ ಬರುತ್ತೆ" ಎಂದೆ.

ಅವಳು ನಿಜವಾಗಿಯೂ ಯೋಚನೆ ಮಾಡಿದಳು. "ಸ್ಟೇಜ್ ಮೇಲೆ ಎಣ್ಣೆ ಇಡಕ್ಕೆ ಬಿಡಲ್ಲ ಅಜ್ಜಿ."

ಅತ್ತಿಗೆ ಹೋದರು. ನನ್ನ ಹೊಸ ಸೀರೆ ಉಟ್ಟುಕೊಂಡೇ ಹೋದರು. ಅವರದಕ್ಕೆ ಇಸ್ತ್ರಿ ಆಗಿರಲಿಲ್ಲ. ನಾನು ಒಂದು ಡಬ್ಬಿ ತುಂಬ ಚಕ್ಕುಲಿ ಮಾಡಿ ಕಳಿಸಿದೆ. ಹಾಜರಿ ಕೂಗುವಾಗ ಖಾಲಿ ಬೆಂಚಿನಿಂದ "ಪ್ರೆಸೆಂಟ್ ಮಿಸ್" ಎನ್ನುವ ದೆವ್ವದ ಕಥೆ ಹೇಳಿದರಂತೆ. ಶಾಲೆಗೆ ಶಾಲೆಯೇ ಚಪ್ಪಾಳೆ ಹೊಡೆಯಿತಂತೆ. ಡಬ್ಬಿ ಖಾಲಿಯಾಗಿ ವಾಪಸ್ಸು ಬಂತು.

"ಚಕ್ಕುಲಿ ಎಲ್ರಿಗೂ ಹಿಡಿಸ್ತು. ಯಾರು ಮಾಡಿದ್ದು ಯಾರು ಮಾಡಿದ್ದು ಅಂತ ಒಂದೇ ಸಮನೆ ಕೇಳಿದ್ರು" ಎಂದರು ಅತ್ತಿಗೆ.

ನನಗೆ ಸ್ವಲ್ಪ ಸಮಾಧಾನವಾಯಿತು. "ನೀವೇನ್ ಅಂದ್ರಿ?"

"ನಮ್ಮಮ್ಮನ ದೆವ್ವ ಅಂದೆ."

ಇಷ್ಟಾದರೂ ಆಗ ನಾನು ನಗುತ್ತಿದ್ದೆ. ಮನೆಗೆ ಬಂದ ನಮ್ಮವರಿಗೆ ಇದನ್ನೆಲ್ಲ ಹೇಳಿದರೆ ಅವರು ಇನ್ನೂ ಜೋರಾಗಿ ನಗುತ್ತಿದ್ದರು. ಹೊಟ್ಟೆಕಿಚ್ಚನ್ನು ಇಳಿಸಲು ಒಬ್ಬ ಮನುಷ್ಯ ಮನೆಯಲ್ಲಿದ್ದರೆ ಅದು ಅಷ್ಟು ಸುಡುವುದಿಲ್ಲ.

ಹೋದ ವರ್ಷ ಆಷಾಢದಲ್ಲಿ ನಮ್ಮವರು ತೀರಿಕೊಂಡರು. ಮುಖ್ಯರಸ್ತೆಯಲ್ಲಿ ನಮ್ಮದೊಂದು ಸಣ್ಣ ಹಾರ್ಡ್‌ವೇರ್ ಅಂಗಡಿ ಇತ್ತು. ಬೆಳಗ್ಗೆ ಶಟರ್ ಎತ್ತಿ, ದೇವರ ಪಟಕ್ಕೆ ಊದುಕಡ್ಡಿ ಹಚ್ಚಿ, ಸ್ಟೂಲಿನ ಮೇಲೆ ಕೂತವರು ಏಳಲಿಲ್ಲ. ಮೂವತ್ತನಾಲ್ಕು ವರ್ಷದ ಸಂಸಾರ. ಆ ಬೆಳಗ್ಗೆ ಅವರು ಅಂಗಡಿಗೆ ಹೊರಡುವಾಗ ನಾನು ಒಗ್ಗರಣೆಗೆ ಕರಿಬೇವು ಹಾಕುತ್ತಿದ್ದೆ. ಸದ್ದಿನಲ್ಲಿ ಅವರು ಹೇಳಿದ ಕೊನೆಯ ಮಾತು ಕೇಳಿಸಲಿಲ್ಲ. "ಹ್ಞೂಂ" ಎಂದುಬಿಟ್ಟೆ. ಏನಕ್ಕೆ ಹ್ಞೂಂ ಎಂದೆನೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮೊದಲೇ ಮಾತು ಕಡಿಮೆ, ಆಮೇಲೆ ಅದೂ ನಿಂತಿತು. ಯಾರಾದರೂ ಬಂದರೆ ಕಾಫಿ ಕೊಡುತ್ತಿದ್ದೆ, ಅಷ್ಟೆ.

ಎರಡು ತಿಂಗಳಿಗೆ ಒಂದು ಭಾನುವಾರ ಹನ್ನೊಂದು ಗಂಟೆಗೆ ಮತ್ತೆ ಚಾಪೆ ಬಿತ್ತು. ನಾನು ಮೆಟ್ಟಿಲ ಮೇಲೆ ದಂಟಿನ ಸೊಪ್ಪು ಬಿಡಿಸುತ್ತ ಕೂತಿದ್ದೆ. ಕೆಳಗಿನಿಂದ ಅತ್ತಿಗೆಯ ದನಿ ಕೇಳಿತು.

"ನಮ್ಮ ಧನ್ಯನ ತಾತ ಸತ್ತಿದ್ದು ತಾತಂಗೇ ಗೊತ್ತಾಗ್ಲಿಲ್ಲ. ಬೆಳಗ್ಗೆ ಎದ್ದ, ಸ್ಕೂಟರ್ ಒರೆಸ್ದ. ಶಿಳ್ಳೆ ಹಾಕ್ಕೊಂಡು ಟೀ ಕುಡ್ಯಕ್ಕೆ ಹೋದ. ಟೀ ಅಂಗ್ಡಿಯೋನು ಲೋಟ ಮಾತ್ರ ಗಾಳೀಲಿ ತೇಲ್ತಿರೋದು ನೋಡಿ..."

ಮಕ್ಕಳು ನಗುತ್ತಿದ್ದವು. ನನ್ನ ಮೊಮ್ಮಗಳೂ ನಗುತ್ತಿದ್ದಳು. ನನಗೆ ಮೊದಲು ಬಂದದ್ದು ಅಳುವಲ್ಲ, ಕೋಪ. ಮೂವತ್ತನಾಲ್ಕು ವರ್ಷದಲ್ಲಿ ಆ ಮನುಷ್ಯ ನನ್ನೆದುರು ಒಂದು ದಿನ ಶಿಳ್ಳೆ ಹಾಕಿದವರಲ್ಲ. ಸತ್ತ ಮೇಲೆ ಅಕ್ಕನ ಎದುರು ಶಿಳ್ಳೆಯೇ?

"ಅವರು ಟೀ ಕುಡಿಯಲ್ಲ, ಕಾಫಿ" ಎಂದು ಮೆಟ್ಟಿಲ ಮೇಲಿಂದಲೇ ಕೂಗಿದೆ. ಎರಡು ತಿಂಗಳಲ್ಲಿ ನಾನು ಅಷ್ಟು ಗಟ್ಟಿಯಾಗಿ ಆಡಿದ ಮೊದಲನೆಯ ಮಾತು ಅದೇ ಇರಬೇಕು.

ಧನ್ಯ ಕತ್ತೆತ್ತಿ ನೋಡಿದಳು. "ಅಜ್ಜಿ, ಡಿಸ್ಟರ್ಬ್ ಮಾಡ್ಬೇಡಿ. ಇದು ದೆವ್ವದಜ್ಜಿ ಕಥೆ. ನಿಮ್ಮ ಕಥೇಲಿ ನೀವು ಕಾಫಿ ಕೊಡಿ."

ನನ್ನ ಕಥೆ ಎಲ್ಲಿದೆ? ನನ್ನದು ಸೊಪ್ಪು.

ಮಧ್ಯಾಹ್ನ ಅತ್ತಿಗೆಯನ್ನು ನಿಲ್ಲಿಸಿ ಕೇಳಿದೆ. "ಅವರು ಯಾವಾಗ ಶಿಳ್ಳೆ ಹಾಕ್ತಿದ್ರು?"

"ಮದ್ವೆಗೆ ಮುಂಚೆ ಬೀದಿ ತುಂಬ ಹಾಕ್ತಿದ್ದ. ನೀನು ಬಂದ್ಮೇಲೆ ನಿಲ್ಲಿಸ್ದ. ಮರ್ಯಾದಸ್ಥ ಆದ."

ಆ ದಿನ ರಾಗಿ ಮುದ್ದೆ ಗಂಟು ಗಂಟಾಯಿತು. ನನಗೆ ಸಿಕ್ಕಿದ್ದು ಶಿಳ್ಳೆ ನಿಂತ ಮನುಷ್ಯ ಎಂದು ಅರವತ್ತರ ಹತ್ತಿರ ಬಂದ ಮೇಲೆ ಗೊತ್ತಾದರೆ ಯಾರಿಗೆ ತಾನೆ ಮುದ್ದೆ ಸರಿಯಾಗಿ ತಿರುವಲು ಬರುತ್ತದೆ?

ಅಲ್ಲಿಂದ ನಮ್ಮವರು ಪ್ರತಿ ಭಾನುವಾರ ಬರತೊಡಗಿದರು. ಅತ್ತಿಗೆಯ ಕಥೆಗೆ. ಅಂಗಡಿಗೆ ಬಂದ ಗಿರಾಕಿ ಅರ್ಧ ಇಂಚಿನ ಮೊಳೆ ಕೇಳಿದರೆ ಒಂದು ಇಂಚಿನದು ಕೊಟ್ಟು ಆಟವಾಡಿಸಿದರು. ಮಳೆಯಲ್ಲಿ ಕೊಡೆ ಹಿಡಿದು ನಿಂತ ಪೊಲೀಸಿನವನ ಕೊಡೆಯೊಳಗೆ ಹೋಗಿ ನಿಂತರು. ನನಗೋ, ಅವರು ಒಂದು ಕನಸಿಗೂ ಬರಲಿಲ್ಲ. ಎದುರು ಮನೆಯವರು ಅವರ ಶಾಲು ಹೊದ್ದು ಮಲಗಿ ಎಂದರು, ಹೊದ್ದೆ. ಯಾರೋ ರಾತ್ರಿ ಮೊಸರನ್ನ ಉಂಡರೆ ಕನಸು ಚೆನ್ನಾಗಿ ಬೀಳುತ್ತದೆ ಎಂದರು, ಉಂಡೆ. ಕನಸು ಬಿತ್ತು. ಗ್ಯಾಸ್ ಸಿಲಿಂಡರ್ ತರುವವನು ಬಂದ. ನನ್ನ ತಂಗಿ ಬಂದಳು, ಅವಳ ಅತ್ತೆ ಬಂದರು, ಬಾಡಿಗೆಯವರು ಬಂದರು. ಬದುಕಿರುವವರೆಲ್ಲ ಬಂದರು.

ಕೊನೆಗೆ ಮರ್ಯಾದೆ ಬಿಟ್ಟು ಅತ್ತಿಗೆಯನ್ನೇ ಕೇಳಿದೆ. "ನಿಮಗೆ ಎಲ್ಲಿ ಕಾಣಿಸ್ತಾರೆ?"

ಅತ್ತಿಗೆ ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಆಮೇಲೆ ಬಹಳ ಸಹಜವಾಗಿ "ಸಂಪ್ ಹತ್ರ. ಹನ್ನೊಂದು ಗಂಟೆಗೆ" ಎಂದರು.

ಸೋಮವಾರ ಹನ್ನೊಂದಕ್ಕೆ ಹೋಗಿ ನೆಲದಡಿಯ ನೀರಿನ ಸಂಪಿನ ಪಕ್ಕ ನಿಂತೆ. ಅರ್ಧ ಗಂಟೆ ನಿಂತೆ. ಏನು ಮಾಡುತ್ತಿದ್ದೀರಿ ಎಂದು ಯಾರಾದರೂ ಕೇಳಿಯಾರೆಂದು ಮುಚ್ಚಳ ತೆಗೆದು ಒಳಗೆ ನೋಡುವಂತೆ ಮಾಡಿದೆ. "ಕಾವೇರಿ ನೀರು ಬಿಟ್ರಾ ಆಂಟಿ?" ಎಂದು ಎದುರು ಮನೆಯ ಸೊಸೆ ಕೇಳಿದಳು. "ಬರಬೌದು" ಎಂದೆ. ಮಂಗಳವಾರವೂ ನಿಂತೆ. ಬುಧವಾರ ಹೋಗಿ ನೋಡುತ್ತೇನೆ, ಬೀದಿಯ ಉದ್ದಕ್ಕೂ ಏಳೆಂಟು ಸಂಪುಗಳ ಮುಚ್ಚಳ ತೆರೆದಿವೆ, ಒಂದೊಂದರ ಪಕ್ಕದಲ್ಲಿ ಒಬ್ಬೊಬ್ಬರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾರೆ. ನೀರು ಬರಲಿಲ್ಲ. ನಮ್ಮವರೂ ಬರಲಿಲ್ಲ. ನನ್ನ ಮಾತನ್ನು ಬೀದಿಯವರು ಆಮೇಲೆ ಯಾವುದರಲ್ಲೂ ನಂಬಲಿಲ್ಲ.

"ಬರ್ಲಿಲ್ಲ ಅತ್ತಿಗೆ" ಎಂದೆ.

"ನೀನು ಹಂಗೆ ಗುರಾಯಿಸ್ಕೊಂಡು ನಿಂತ್ರೆ ಯಾವ ಗಂಡ್ಸು ಬರ್ತಾನೆ?" ಎಂದು ಅತ್ತಿಗೆ ಒಳಗೆ ಹೋದರು.

ಈ ವರ್ಷ ಮಹಾಲಯ ಅಮಾವಾಸ್ಯೆ ಬಂತು. ನಮ್ಮಲ್ಲಿ ಅದಕ್ಕೆ ಹಿರಿಯರ ಹಬ್ಬ ಎನ್ನುತ್ತಾರೆ. ಬೇರೆಯವರು ತಮ್ಮ ಮನೆಗೆ ದೆವ್ವ ಬರದಿರಲಿ ಎಂದು ಬಾಗಿಲಿಗೆ ನಿಂಬೆಹಣ್ಣು ಕಟ್ಟುತ್ತಾರೆ. ನಾವು ವರ್ಷಕ್ಕೊಂದು ದಿನ ಕೂಗಿ ಕರೆದು ಊಟಕ್ಕೆ ಹಾಕುತ್ತೇವೆ. ತೀರಿಕೊಂಡವರಿಗೆ ಒಬ್ಬೊಬ್ಬರಿಗೆ ಒಂದೊಂದು ಬಾಳೆಲೆ, ಪಕ್ಕದಲ್ಲಿ ಹೊಸ ಬಟ್ಟೆ. ಎಲೆಯ ಮೇಲೆ ಮುದ್ದೆ, ಮಟನ್ ಸಾರು, ಅನ್ನ, ವಡೆ, ಕಜ್ಜಾಯ, ಪಾಯಸ. ಬೀಡಿ ಸೇದುತ್ತಿದ್ದವರಿಗೆ ಬೀಡಿ. ಇದಕ್ಕೆ ಎಡೆ ಇಡುವುದು ಎನ್ನುತ್ತಾರೆ. ಸಾಂಬ್ರಾಣಿ ಹೊಗೆ ಹಾಕಿ, ಕೈಮುಗಿದು, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿಬಿಡಬೇಕು. ನಾವಿದ್ದರೆ ಅವರು ಬಾಯಿಗೆ ಇಡುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಮನೆಯ ದೊಡ್ಡವರು ಬಾಗಿಲ ಬಳಿ ನಿಂತು ಕೆಮ್ಮಬೇಕು. ಉಣ್ಣುತ್ತಿರುವವರು ಗಾಬರಿಯಾಗದೆ ಎದ್ದು ಹೋಗಲಿ ಎಂದು. ಕೆಮ್ಮದೆ ಬಾಗಿಲು ತೆಗೆಯುವ ಹಾಗಿಲ್ಲ.

ಸತ್ತು ವರ್ಷ ತುಂಬುವವರೆಗೆ ಹಿರಿಯರ ಸಾಲಿಗೆ ಸೇರಿಸುವುದಿಲ್ಲ. ಹಾಗಾಗಿ ನಮ್ಮವರ ಎಲೆ ಬಿದ್ದದ್ದು ಇದೇ ಮೊದಲು. ಅತ್ತಿಗೆಯ ತಾತ, ಅವರ ಅಪ್ಪ, ಅವರ ಅಮ್ಮ, ಆಮೇಲೆ ನಾಲ್ಕನೆಯದು. ಆ ಎಲೆಯನ್ನು ಅತ್ತಿಗೆಯೂ ನಾನೂ ಒಂದೊಂದು ಕಡೆ ಹಿಡಿದು ಒರೆಸಿ ಹಾಕಿದೆವು.

ಇತರ ಮನೆಗಳಲ್ಲಿ ಸಂಜೆ ಇಡುವ ಎಡೆಯನ್ನು ನಮ್ಮಲ್ಲಿ ಮಧ್ಯಾಹ್ನ ಒಂದು ಗಂಟೆಗೇ ಇಡುತ್ತೇವೆ. ಕಾರಣ ಬೇರೆ ಹೇಳಬೇಕಾಗಿಲ್ಲ. ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂತೆವು. ಮಕ್ಕಳು ಪಿಸುಗುಟ್ಟುತ್ತಿದ್ದವು. ಪ್ರತಿ ವರ್ಷ ಬಾಗಿಲು ತೆಗೆದಾಗ ಎಲೆಗಳ ಮೇಲೆ ಏನಾದರೊಂದು ಕಚ್ಚಿರುತ್ತದೆ. ಒಂದು ವಡೆಯ ಅಂಚು, ಒಂದು ತುಂಡು ಮುದ್ದೆ, ಪಾಯಸದಲ್ಲೊಂದು ಬೆರಳಿನ ಗುರುತು. ಅತ್ತಿಗೆ ಅದನ್ನು ಮಕ್ಕಳಿಗೆ ತೋರಿಸುತ್ತಾರೆ. ನಾನೂ ಮೂವತ್ತು ವರ್ಷದಿಂದ ನೋಡಿ, ಇಲಿಯೋ ಏನೋ ಎಂದು ಸುಮ್ಮನಿದ್ದೆ. ಈ ಸಲ ಧನ್ಯ ಒಂದೇ ಪ್ರಶ್ನೆ ಹಿಡಿದುಕೊಂಡಿದ್ದಳು. "ನಮ್ಮ ತಾತಂದೂ ಕಚ್ಚಿರುತ್ತಾ?"

"ಕಚ್ದೆ ಇರ್ತಾನಾ" ಎಂದು ಅತ್ತಿಗೆ ಎದ್ದರು. "ಇರಿ, ಬಾತ್‌ರೂಮಿಗೆ ಹೋಗ್ಬರ್ತೀನಿ."

ನಾನು ಅಲ್ಲೇ ಕೂತಿದ್ದೆ. ಹೊಟ್ಟೆಯಲ್ಲಿ ಒಲೆ ಹೊತ್ತಿಕೊಂಡಿತು. ಆ ಬಾಗಿಲಿನ ಹಿಂದೆ ಅವರು ಊಟಕ್ಕೆ ಕೂತಿದ್ದಾರೆ. ಅತ್ತಿಗೆ ಬಂದು ಕೆಮ್ಮುತ್ತಾರೆ, ಇವರು ಎದ್ದು ಹೋಗುತ್ತಾರೆ. ಭಾನುವಾರ ಮತ್ತೆ ಅತ್ತಿಗೆಯ ಕ‌ಥೆಗೆ ಬರುತ್ತಾರೆ. ಬಡಿಸಿದ್ದು ನಾನು, ಅಡುಗೆ ನನ್ನದು. ಒಂದು ಸಲ, ಒಂದೇ ಒಂದು ಸಲ ನೋಡಿದರೆ ಯಾರ ಗಂಟು ಹೋಗುತ್ತದೆ? ಕೆಮ್ಮದೆ ಹೋದರೆ ಸಿಕ್ಕಿಬೀಳುತ್ತಾರೆ. ಆ ದಿನ ಏನು ಹೇಳಿದಿರಿ, ನಾನು ಏನಕ್ಕೆ ಹ್ಞೂಂ ಎಂದೆ ಎಂದು ಕೇಳಬಹುದು.

ಎದ್ದು, ಮನೆಯ ಪಕ್ಕದ ಓಣಿಯಲ್ಲಿ ಹೋಗಿ, ಬಟ್ಟೆ ಒಗೆಯುವ ಕಡೆಯ ಹಿಂದಿನ ಬಾಗಿಲು ತಳ್ಳಿದೆ. ಚಿಲಕ ಹಾಕಿರಲಿಲ್ಲ. ಚಪ್ಪಲಿ ಕಳಚಿ, ಅಡುಗೆಮನೆ ದಾಟಿ, ಉಸಿರು ಹಿಡಿದು ಎಡೆ ಇಟ್ಟ ನಡುಮನೆಗೆ ಕಾಲಿಟ್ಟೆ.

ಹೊಗೆಯ ನಡುವೆ ಯಾರೋ ಕೂತಿದ್ದರು. ಎಲೆಯ ಕಡೆ ಬಗ್ಗಿ ತಿನ್ನುತ್ತಿದ್ದರು.

 ಮುಂದಕ್ಕೆ ಹೆಜ್ಜೆಯಿಟ್ಟಾಗ ನನ್ನ ಬಳೆ ಸದ್ದಾಯಿತು. ಕೂತಿದ್ದವರು ತಿರುಗಿ ನೋಡಿ, "ಅಯ್ಯೋ ಅಮ್ಮಾ, ನಾನಲ್ಲಮ್ಮ" ಎಂದು ಗೋಡೆಗೆ ಒರಗಿಕೊಂಡರು. ಅತ್ತಿಗೆ. ಬಾಯಲ್ಲಿ ಅವರ ಅಮ್ಮನ ಎಲೆಯ ವಡೆ. ನಲವತ್ತು ವರ್ಷ ದೆವ್ವದ ಕಥೆ ಹೇಳಿದ ಹೆಂಗಸು ನನ್ನನ್ನು ದೆವ್ವ ಎಂದುಕೊಂಡು ನಡುಗುತ್ತಿದ್ದರು.

"ಏನ್ ಮಾಡ್ತಿದೀರ ಅತ್ತಿಗೆ?"

ಅವರು ಎದೆ ಹಿಡಿದುಕೊಂಡು, ಮೊದಲು ವಡೆ ನುಂಗಿದರು. "ಕಾಣಲ್ವಾ? ದೆವ್ವ ಊಟ ಮಾಡ್ತಿದೆ."

"ಪ್ರತಿ ವರ್ಷಾನೂ ನೀವೇನಾ?"

"ಅಮ್ಮ ಹೋದಾಗಿಂದ. ಅದಕ್ಕೆ ಮುಂಚೆ ಅಮ್ಮ ಮಾಡ್ತಿದ್ರು. ನಾನು ಹಿಂಗೇ ಕೆಮ್ಮದೆ ಬಂದು ಹಿಡ್ದಿದ್ದೆ." ಸೆರಗಿನಿಂದ ಬಾಯಿ ಒರೆಸಿಕೊಂಡರು. "ಹಿಡ್ದೋರಿಗೇ ಕೆಲ್ಸ ಬರೋದು ಈ ಮನೇಲಿ. ಇನ್ಮೇಲೆ ನಿಂದು."

ನಗು ಬರಬೇಕಾಗಿತ್ತು. ನನಗೆ ಅನ್ನಿಸಿದ್ದು, ಹಾಗಾದರೆ ಇಲ್ಲಿಗೂ ಬಂದಿಲ್ಲ ಎಂದು. ಎಲೆಗಳನ್ನು ನೋಡಿದೆ. ತಾತನ ಮುದ್ದೆ ಮುರಿದಿತ್ತು. ಮಾವನವರ ಪಾಯಸ ಕದಡಿತ್ತು. ಅತ್ತೆಯವರ ವಡೆ ಅರ್ಧವಾಗಿತ್ತು. ನಾಲ್ಕನೆಯ ಎಲೆ ನಾನು ಬಡಿಸಿದ ಹಾಗೆಯೇ ಇತ್ತು. ಮುದ್ದೆಯ ಮೇಲಿನ ತುಪ್ಪ ಕೂಡ ಹಾಗೇ ಹೆಪ್ಪುಗಟ್ಟಿತ್ತು.

"ಇದನ್ನ ಯಾಕೆ ಬಿಟ್ರಿ?"

ಅತ್ತಿಗೆ ಆ ಎಲೆಯ ಮಡಿಚಿದ ಅಂಚನ್ನು ನೇರ ಮಾಡಿದರು. "ಮೂರು ಸಲ ಕೈ ಚಾಚ್ದೆ. ಆಗ್ಲಿಲ್ಲ ಕಣೆ. ನಾನೇ ತಿಂದ್ಬಿಟ್ರೆ ಅವನು ಬರ್ಲಿಲ್ಲ ಅಂತ ನಾನೇ ಹೇಳ್ದಂಗಾಗುತ್ತೆ."

"ನಿಮಗೆ ದಿನಾ ಕಾಣಿಸ್ತಾರಲ್ಲ."

"ನಂಗ್ಯಾರು ಕಾಣಿಸ್ತಾರೆ? ಇಷ್ಟು ವಯಸ್ಸಾಯ್ತು, ಒಬ್ರೂ ಬಂದಿಲ್ಲ. ಅಪ್ಪ ಬಂದಿಲ್ಲ, ಅಮ್ಮ ಬಂದಿಲ್ಲ. ಅವನ್ನ ಎತ್ಕೊಂಡು ಬೆಳೆಸ್ದೋಳು ನಾನು, ಅವನೂ ಬಂದಿಲ್ಲ." ನೆಲಕ್ಕೆ ಕೈಯೂರಿ ಎದ್ದರು. "ಬಂದಿದ್ರೆ ಕೂರಿಸ್ಕೊಂಡು ಮಾತಾಡ್ತಿದ್ದೆ. ಕಥೆ ಯಾಕೆ ಕಟ್ತಿದ್ದೆ?"

ಮೂವತ್ತೈದು ವರ್ಷದ ನನ್ನ ಹೊಟ್ಟೆಕಿಚ್ಚು ಏನೆಂದು ತಿಳಿಯದೆ ಸುಮ್ಮನೆ ನಿಂತುಕೊಂಡಿತು.

ಹೊರಗಿನಿಂದ ಧನ್ಯ ಕೂಗುತ್ತಿದ್ದಳು. ಅತ್ತಿಗೆ ಕಣ್ಣು ಒರೆಸಿಕೊಂಡು ಸೆರಗು ಸರಿಮಾಡಿದರು. "ನಾನು ಹಿಂದಿನಿಂದ ಹೋಗಿ ಅವ್ರ ಜೊತೆ ನಿಂತ್ಕೋತೀನಿ. ನೀನು ಒಳಗಡೆಯಿಂದ ಕೆಮ್ಮಿ ಬಾಗ್ಲು ತೆಗಿ, ನಾನೇ ಕಳ್ಸಿದೆ ಅಂತೀನಿ. ಅವನ ಎಲೆ ಹಂಗೇ ಇರ್ಲಿ. ಬಿಟಿಎಂ ಹತ್ರ ಟ್ರಾಫಿಕ್ಕಲ್ಲಿ ಸಿಕ್ಕಾಕ್ಕೊಂಡಿದಾನೆ ಅಂತ ಮಕ್ಕಳಿಗೆ ಏನೋ ಹೇಳ್ಕೋತೀನಿ." ಬಾಗಿಲವರೆಗೆ ಹೋದವರು ತಿರುಗಿ ಆ ಎಲೆಯನ್ನು ಇನ್ನೊಂದು ಸಲ ನೋಡಿ ಹೋದರು.

ನಾನು ಒಬ್ಬಳೇ ಉಳಿದೆ. ನಾಲ್ಕನೆಯ ಎಲೆಯ ಮುಂದೆ ಕೂತೆ.

ಶಿಳ್ಳೆಯ ವಿಷಯ ನನಗೆ ಗೊತ್ತಿಲ್ಲ. ಅವರ ಬಾಲ್ಯ ನನ್ನದಲ್ಲ. ಆದರೆ ಆ ಮನುಷ್ಯ ಎಲೆಯ ಮುಂದೆ ಕೂತರೆ ಏನು ಮಾಡುತ್ತಾರೆಂದು ನನಗೆ ಗೊತ್ತು. ಮೊದಲು ಕಜ್ಜಾಯ. ಎಲ್ಲರೂ ಕೊನೆಗೆ ತಿನ್ನುವುದನ್ನು ಇವರು ಮೊದಲು ತಿನ್ನುತ್ತಾರೆ. ಗರಿಗರಿಯಾದ ಅಂಚನ್ನು ಸುತ್ತ ಕಚ್ಚಿಕೊಂಡು ಬಂದು, ನಡುವಿನ ಮೆತ್ತನೆಯ ಭಾಗವನ್ನು ಎಲೆಯ ಬಲಗಡೆ ಕೊನೆಗೆ ಇಟ್ಟುಕೊಳ್ಳುತ್ತಾರೆ. ಮುದ್ದೆಯನ್ನು ಮೇಲಿನಿಂದ ಮುರಿಯುವುದಿಲ್ಲ. ಪಕ್ಕದಿಂದ, ಹೆಬ್ಬೆರಳಿನಲ್ಲಿ ಸಣ್ಣ ಗುಳಿ ಮಾಡಿ ಸಾರು ತುಂಬಿಸುತ್ತಾರೆ. ಹಾಗೆ ಮಾಡಿದೆ. ಒಂದೊಂದನ್ನೂ ಅವರು ಮಾಡುವ ಹಾಗೆಯೇ, ಅವಸರವಿಲ್ಲದೆ. ಕಜ್ಜಾಯಕ್ಕೆ ಬೆಲ್ಲ ಸ್ವಲ್ಪ ಮುಂದಾಗಿತ್ತು. ಅವರಿದ್ದರೆ ಹೇಳುತ್ತಿರಲಿಲ್ಲ, ತಿಂದುಬಿಡುತ್ತಿದ್ದರು.

ಕೈಯನ್ನು ಸೆರಗಿನೊಳಗೆ ಒರೆಸಿಕೊಂಡು ಎದ್ದೆ. ಕೆಮ್ಮಿದೆ. ಬಾಗಿಲು ತೆಗೆದೆ.

ಮಕ್ಕಳು ನುಗ್ಗಿದವು. ಧನ್ಯ ನೇರವಾಗಿ ನಾಲ್ಕನೆಯ ಎಲೆಯ ಮುಂದೆ ಮಂಡಿಯೂರಿದಳು. ಮುಟ್ಟಲಿಲ್ಲ. ಕೈ ಹಿಂದಕ್ಕೆ ಕಟ್ಟಿಕೊಂಡು ಬಗ್ಗಿ ನೋಡಿದಳು.

"ತಾತನೇ" ಎಂದಳು ಮೆತ್ತಗೆ. "ಕಜ್ಜಾಯ ನೋಡಿ. ಸುತ್ತ ಮಾತ್ರ ತಿಂದಿದಾರೆ."

ಅತ್ತಿಗೆ ಅವಳ ಹಿಂದೆ ನಿಂತಿದ್ದರು. ಟ್ರಾಫಿಕ್ಕಿನ ಕಥೆ ಹೇಳಲು ತೆರೆದ ಬಾಯಿ ಹಾಗೆಯೇ ಇತ್ತು. ಎಲೆಯನ್ನು ನೋಡಿದರು, ಬಲಗಡೆ ಇಟ್ಟಿದ್ದ ಮೆತ್ತನೆಯ ತುಂಡನ್ನು ನೋಡಿದರು, ಮುದ್ದೆಯ ಪಕ್ಕದ ಗುಳಿಯನ್ನು ನೋಡಿದರು. ನನ್ನ ಹತ್ತಿರ ಬಂದು, ಮಕ್ಕಳಿಗೆ ಕೇಳಿಸದ ಹಾಗೆ, ಚಿಕ್ಕ ಹುಡುಗಿಯ ದನಿಯಲ್ಲಿ ಕೇಳಿದರು.

"ನಿಜ ಹೇಳು. ನೀನೇನಾ?"

ನನ್ನ ಬೆರಳುಗಳು ಸೆರಗಿನೊಳಗೆ ತುಪ್ಪಕ್ಕೆ ಅಂಟುತ್ತಿದ್ದವು.

"ನಾನಲ್ಲ ಅತ್ತಿಗೆ" ಎಂದೆ.